ಎರಡು ಕಡಲುಗಳ ನಡುವಿನ ಕುತ್ತಿಗೆ

ಶಿರಸಿಯಿಂದ ಮುಂಡಗೋಡು, ಹುಬ್ಬಳ್ಳಿಗಳತ್ತ ಹೋಗುವ ದಾರಿಯಲ್ಲಿ ಮಳಗಿ ಎಂಬ ಊರಿದೆ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿಗೆ ಸೇರಿದ ಈ ಊರಿನ ಬಳಿ ಧರ್ಮಾ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಜಲಾಶಯ ಮಾಡಲಾಗಿದೆ. ಇಲ್ಲಿ ನಿಂತ ನೀರು ಕಾಲುವೆಗಳಲ್ಲಿ ಹರಿದು ಪಕ್ಕದ ಹಾವೇರಿ ಜಿಲ್ಲೆಯ ಹಾನಗಲ್ ಸೀಮೆಯ ಕೆರೆಗಳನ್ನು, ಗದ್ದೆಗಳನ್ನು ಸೇರುತ್ತದೆ. ಮಳಗಿಯ ಹೆಸರು ಹೊರಗಿನವರಿಗೆ ಗೊತ್ತಿರುವುದು ಬಹುಮಟ್ಟಿಗೆ ಈ ಜಲಾಶಯದಿಂದ. ಅದಕ್ಕಿಂತಲೂ ದೊಡ್ಡ ಒಂದು ಸಂಗತಿ ಈ ಪ್ರದೇಶದಲ್ಲಿದೆ. ಅದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಯಾರೂ ಅದನ್ನು ನೋಡಲು ಬರುವುದಿಲ್ಲ.

ಮಳಗಿಯಲ್ಲಿ ಬಿದ್ದ ಮಳೆ ಧರ್ಮೆಗೆ ಇಳಿಯುತ್ತದೆ. ಧರ್ಮೆ ಹಾನಗಲ್ ಸೀಮೆಯಲ್ಲಿ ವರದೆಯನ್ನು ಸೇರುತ್ತಾಳೆ. ವರದೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು, ತುಂಗಭದ್ರೆ ಮುಂದೆ ಕೃಷ್ಣೆಯನ್ನು ಕೂಡಿ, ನೀರು ಕೊನೆಗೆ ಆಂಧ್ರದ ಕರಾವಳಿಯಲ್ಲಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅದೇ ಮುಂಡಗೋಡ ತಾಲೂಕಿನ ಪಶ್ಚಿಮದ ಅಂಚಿಗೆ ಹೋದರೆ ಹಳ್ಳಗಳು ಬೇಡ್ತಿ ನದಿಯ ಕಡೆಗೆ ತಿರುಗುತ್ತವೆ. ಬೇಡ್ತಿ ಯಲ್ಲಾಪುರದ ಕಾಡುಗಳನ್ನು ದಾಟಿ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲೆಯ ದಕ್ಷಿಣಕ್ಕೆ ಅರಬೀ ಸಮುದ್ರವನ್ನು ಸೇರುತ್ತದೆ. ಅಂದರೆ ಒಂದೇ ತಾಲೂಕಿನಲ್ಲಿ, ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಕಡಲುಗಳಿಗೆ ಹೋಗುತ್ತವೆ. ನಡುವೆ ಇರುವುದು ಕಾಡು ಮುಚ್ಚಿದ ಒಂದು ದಿಬ್ಬ. ಅದನ್ನು ದಾಟುವ ದನಗಾಹಿಗೆ ತಾನು ಏನನ್ನು ದಾಟಿದೆನೆಂದು ತಿಳಿಯುವುದಿಲ್ಲ.

ಇಂಥ ನಡುವಿನ ಜಾಗಗಳ ಬಗ್ಗೆ ನಾವು ಸ್ವಲ್ಪ ಯೋಚಿಸಬೇಕೆಂದಿದ್ದೇವೆ. ಏಕೆಂದರೆ ಇತಿಹಾಸದ ಪುಸ್ತಕಗಳು ರಾಜಧಾನಿಗಳನ್ನು ಕುರಿತು ಬರೆಯುತ್ತವೆ, ಯುದ್ಧಭೂಮಿಗಳನ್ನು ಕುರಿತು ಬರೆಯುತ್ತವೆ. ಆದರೆ ಎರಡು ದೊಡ್ಡ ಸಂಗತಿಗಳನ್ನು ಜೋಡಿಸುವ ಕಿರಿದಾದ ಜಾಗಗಳೇ ಅನೇಕ ಸಲ ಜನರ ಹಣೆಬರಹವನ್ನು ನಿರ್ಧರಿಸಿವೆ.

ಒಂದು ಪದ, ಎರಡು ಅರ್ಥ

ನಮ್ಮ ಶಾಲೆಯ ಭೂಗೋಳ ಪಾಠದಲ್ಲಿ ಎರಡು ಪದಗಳನ್ನು ಒಟ್ಟಿಗೆ ಕಲಿಸುತ್ತಾರೆ. ಎರಡು ಸಮುದ್ರಗಳನ್ನು ಕೂಡಿಸುವ ಇಕ್ಕಟ್ಟಾದ ನೀರು ಜಲಸಂಧಿ, ಎರಡು ಭೂಭಾಗಗಳನ್ನು ಕೂಡಿಸುವ ಇಕ್ಕಟ್ಟಾದ ನೆಲ ಭೂಸಂಧಿ. ಕೆಲವರು ಭೂಕಂಠ ಎಂದೂ ಬರೆಯುತ್ತಾರೆ. ಕಂಠ ಎಂಬ ಮಾತು ಇಲ್ಲಿ ಸುಮ್ಮನೆ ಬಂದಿಲ್ಲ. ಪ್ರಾಚೀನ ಗ್ರೀಕರು ಕೊರಿಂಥ್ ನಗರದ ಬಳಿಯ ಇಕ್ಕಟ್ಟಾದ ನೆಲವನ್ನು ಕರೆದ ಪದಕ್ಕೂ ಕುತ್ತಿಗೆ ಎಂಬ ಅರ್ಥವೇ ಇತ್ತು. ನಾವೂ ಕೊಡಕ್ಕೆ ಕಂಠವಿದೆ ಎನ್ನುತ್ತೇವೆ. ತಲೆ ಮತ್ತು ಮುಂಡ ಎರಡೂ ದೊಡ್ಡವು, ನಡುವಿನ ಕುತ್ತಿಗೆ ಚಿಕ್ಕದು. ಆದರೆ ಉಸಿರು, ಅನ್ನ, ರಕ್ತ, ಮಾತು ಎಲ್ಲವೂ ಅದರ ಮೂಲಕವೇ ಹೋಗಬೇಕು.

ಅರಬೀ ಭಾಷೆಯಲ್ಲಿ ಭೂಸಂಧಿಗೆ ಇರುವ ಪದ ಬರ್‌ಝಖ್. ಇಂದಿನ ಅರಬೀ ಭೂಪಟಗಳಲ್ಲಿ ಸುಯೆಝ್ ಮತ್ತು ಪನಾಮಾದ ಭೂಸಂಧಿಗಳ ಮೇಲೆ ಈ ಪದವೇ ಇದೆ. ನಮ್ಮ ಮನೆಗಳಲ್ಲಿ ಈ ಪದ ಕಿವಿಗೆ ಬೀಳುವುದು ಬೇರೆ ಸಂದರ್ಭದಲ್ಲಿ. ಮರಣಕ್ಕೂ ಪುನರುತ್ಥಾನಕ್ಕೂ ನಡುವಿನ ಅವಧಿಯನ್ನು ಬರ್‌ಝಖ್ ಎನ್ನುತ್ತೇವೆ. ಪವಿತ್ರ ಕುರ್‌ಆನಿನಲ್ಲಿ ಈ ಪದ ಮೂರು ಕಡೆ ಬಂದಿದೆ. ಅಲ್ ಮುಅ್‌ಮಿನೂನ್ ಅಧ್ಯಾಯದಲ್ಲಿ ಅದು ಸತ್ತವರ ಹಿಂದಿರುವ ತಡೆ. ಅಲ್ ಫುರ್ಕಾನ್ ಮತ್ತು ಅರ್ರಹ್ಮಾನ್ ಅಧ್ಯಾಯಗಳಲ್ಲಿ ಎರಡು ಜಲರಾಶಿಗಳ ನಡುವಿನ ಮೇರೆ. ಸಿಹಿನೀರೂ ಉಪ್ಪುನೀರೂ ಪರಸ್ಪರ ಸಂಧಿಸುತ್ತವೆ, ಆದರೆ ಒಂದು ಇನ್ನೊಂದನ್ನು ಅತಿಕ್ರಮಿಸದಂತೆ ನಡುವೆ ಬರ್‌ಝಖ್ ಇದೆ ಎಂಬುದು ಅಲ್ಲಿನ ಆಶಯ.

ಗಮನಿಸಬೇಕಾದ ವಿಷಯ ಇಲ್ಲಿದೆ. ಬರ್‌ಝಖ್ ಬೇರ್ಪಡಿಸುತ್ತದೆ, ಅದೇ ಕಾಲಕ್ಕೆ ಎರಡರ ನಡುವೆ ನಿಂತು ಸಂಬಂಧವನ್ನೂ ಕಲ್ಪಿಸುತ್ತದೆ. ಸುಯೆಝಿನ ನೆಲ ಆಫ್ರಿಕ ಮತ್ತು ಏಷ್ಯಾಗಳನ್ನು ಜೋಡಿಸಿತು, ಎರಡು ಸಮುದ್ರಗಳನ್ನು ಅಗಲಿಸಿತು. ಪನಾಮಾದ ಭೂಸಂಧಿ ಸುಮಾರು 30 ಲಕ್ಷ ವರ್ಷಗಳ ಹಿಂದೆ ಪೂರ್ಣವಾಗಿ ಮೇಲೆದ್ದಾಗ ಉತ್ತರ ಮತ್ತು ದಕ್ಷಿಣ ಅಮೆರಿಕಗಳ ಪ್ರಾಣಿಗಳು ಅತ್ತಿತ್ತ ದಾಟಿದವು. ಆದರೆ ಸಮುದ್ರದ ಸಿಗಡಿ, ಮೀನುಗಳ ವಂಶಗಳು ಎರಡು ಪಾಲಾಗಿ, ಕಾಲಕ್ರಮದಲ್ಲಿ ಬೇರೆ ಬೇರೆ ಜಾತಿಗಳೇ ಆದವು. ಒಬ್ಬರಿಗೆ ಸೇತುವೆಯಾದದ್ದು ಇನ್ನೊಬ್ಬರಿಗೆ ಗೋಡೆಯಾಯಿತು.

ತೆರೆದ ಕಾಲುವೆ, ಮುಚ್ಚಿದ ಕಾಲುವೆ

ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಅರೇಬಿಯದಲ್ಲಿ ಭೀಕರ ಬರ ಬಿತ್ತು. ಗಾಳಿಗೆ ಬೂದಿಯಂಥ ಧೂಳು ಏಳುತ್ತಿದ್ದುದರಿಂದ ಚರಿತ್ರೆಯಲ್ಲಿ ಅದಕ್ಕೆ ಬೂದಿಯ ವರ್ಷವೆಂಬ ಹೆಸರು ಬಂದಿದೆ. ಖಲೀಫಾ ಉಮರ್(ರ) ಅವರ ಮುಂದೆ ಇದ್ದ ಪ್ರಶ್ನೆ ಸರಳವಾಗಿತ್ತು. ಈಜಿಪ್ಟ್‌ನಲ್ಲಿ ಧಾನ್ಯವಿದೆ, ಮದೀನದಲ್ಲಿ ಹಸಿವಿದೆ, ನಡುವೆ ಮರುಭೂಮಿಯಿದೆ. ಒಂಟೆಗಳ ಮೇಲೆ ಎಷ್ಟು ಹೊರಿಸಲು ಸಾಧ್ಯ? ಈಜಿಪ್ಟ್‌ನ ಅಧಿಪತಿ ಅಮ್ರ್ ಇಬ್ನುಲ್ ಆಸ್ ಅವರು, ನೈಲ್ ನದಿಯಿಂದ ಕೆಂಪು ಸಮುದ್ರದ ಕುಲ್ಝುಮ್ ಬಂದರಿಗೆ ಹಿಂದಿನ ಕಾಲದಲ್ಲಿ ಇದ್ದು ಹೂಳು ತುಂಬಿಹೋಗಿದ್ದ ಕಾಲುವೆಯನ್ನು ಖಲೀಫರ ಆದೇಶದಂತೆ ಮತ್ತೆ ತೋಡಿಸಿದರು. ಅದಕ್ಕೆ ಅಮೀರುಲ್ ಮುಅ್‌ಮಿನೀನರ ಕಾಲುವೆ ಎಂಬ ಹೆಸರಾಯಿತು. ಧಾನ್ಯದ ದೋಣಿಗಳು ಫುಸ್ತಾತ್‌ನಿಂದ ಕುಲ್ಝುಮ್‌ಗೆ, ಅಲ್ಲಿಂದ ಅರೇಬಿಯದ ದಡಕ್ಕೆ ಹೋದವು.

ಸುಮಾರು ನೂರಿಪ್ಪತ್ತು ವರ್ಷಗಳ ಬಳಿಕ, ಕ್ರಿ.ಶ. 762ರಲ್ಲಿ ಮದೀನದ ಜನ ಅಬ್ಬಾಸಿ ಖಲೀಫ ಮನ್ಸೂರನ ವಿರುದ್ಧ ಬಂಡೆದ್ದರು. ಅವರಿಗೆ ಧಾನ್ಯ ತಲುಪದಂತೆ ಮಾಡಲು ಮನ್ಸೂರ್ ಅದೇ ಕಾಲುವೆಯನ್ನು ಮುಚ್ಚಿಸಿದನೆಂದು ಅರಬ್ ಚರಿತ್ರೆಕಾರರು ದಾಖಲಿಸಿದ್ದಾರೆ. ಹಸಿದವರಿಗಾಗಿ ತೆರೆದ ಗಂಟಲನ್ನು ಹಸಿವಿಗೆ ಕೆಡವಲೆಂದೇ ಅದುಮಿದಂತಾಯಿತು. ಕಾಲುವೆ ಒಂದೇ, ನೀರೂ ಒಂದೇ. ಬದಲಾಗಿದ್ದು ಅದು ಯಾರ ಕೈಯಲ್ಲಿತ್ತು, ಯಾವ ಉದ್ದೇಶಕ್ಕಿತ್ತು ಎಂಬುದು ಮಾತ್ರ.

ಮುಂದೆ ಹಾರೂನ್ ರಶೀದನಿಗೂ ಎರಡು ಸಮುದ್ರಗಳನ್ನು ನೇರವಾಗಿ ಕೂಡಿಸುವ ಆಸೆ ಹುಟ್ಟಿತಂತೆ. ಹಾಗೆ ಮಾಡಿದರೆ ರೋಮನ್ನರ ಹಡಗುಗಳು ಹಿಜಾಝಿನ ದಡಕ್ಕೇ ಬಂದುಬಿಡುತ್ತವೆ, ಹಜ್ಜಿಗೆ ಬಂದವರಿಗೂ ರಕ್ಷಣೆಯಿರದು ಎಂದು ಮಂತ್ರಿ ಯಹ್ಯಾ ಬರ್ಮಕಿ ಎಚ್ಚರಿಸಿದ್ದರಿಂದ ಆತ ಅದನ್ನು ಕೈಬಿಟ್ಟನೆಂದು ಹತ್ತನೆಯ ಶತಮಾನದ ಚರಿತ್ರೆಕಾರ ಮಸ್ಊದಿ ಬರೆದಿದ್ದಾನೆ. ಆ ಎಚ್ಚರಿಕೆಯ ಮಾತು ಎಷ್ಟು ನಿಜವಿತ್ತೆಂಬುದು ಸಾವಿರ ವರ್ಷಗಳ ನಂತರ ಗೊತ್ತಾಯಿತು.

ಹತ್ತಿಯ ದಾರಿಗಳು

ಈಗ ನಮ್ಮ ಘಟ್ಟಕ್ಕೆ ಮರಳೋಣ. ಬಯಲುಸೀಮೆ ದೊಡ್ಡದು, ಕಡಲು ಅದಕ್ಕಿಂತ ದೊಡ್ಡದು, ನಡುವೆ ಸಹ್ಯಾದ್ರಿ. ಅದನ್ನು ದಾಟಲು ಕೆಲವೇ ಕಂಠಗಳಿದ್ದವು. ಗೇರುಸೊಪ್ಪೆಯ ಘಟ್ಟ, ದೇವಿಮನೆ ಘಟ್ಟ, ಅರಬೈಲ್ ಘಟ್ಟ ಮುಂತಾದವು. ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ಕಾಲದಿಂದಲೂ ಮೆಣಸು, ಬಟ್ಟೆ, ಉಪ್ಪುಗಳು ಇಂಥ ದಾರಿಗಳಲ್ಲಿ ಎತ್ತಿನ ಹೇರಾಗಿ ಏರಿ ಇಳಿದಿವೆ. ಘಟ್ಟದ ಕೆಳಗೆ ಹೊನ್ನಾವರ, ಭಟ್ಕಳ, ಮಿರ್ಜಾನ್ ಬಂದರುಗಳು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಕಂಡದ್ದಾಗಿ ಹೇಳಿದ್ದಾನೆ. ಅಲ್ಲಿನ ಹೆಣ್ಣುಮಕ್ಕಳು ಕುರ್‌ಆನ್ ಕಂಠಪಾಠ ಮಾಡಿದ್ದುದು ಅವನಿಗೆ ಆಶ್ಚರ್ಯ ತಂದಿತ್ತು. ಅರೇಬಿಯ, ಪರ್ಷಿಯಗಳ ಕುದುರೆಗಳು ಈ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಮುಸ್ಲಿಂ ವ್ಯಾಪಾರಿಯ ಹಡಗು, ಜೈನ ಅರಸರ ಬಂದರು, ಹಿಂದೂ ಚಕ್ರವರ್ತಿಯ ಸೈನ್ಯ ಇವು ಮೂರನ್ನೂ ಆ ಇಕ್ಕಟ್ಟಾದ ಕಲ್ಲುದಾರಿ ಕೂಡಿಸಿತ್ತು. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಇಂಥ ದಾರಿ ಮತ್ತು ಬಂದರುಗಳು ಅವಳ ಹಿಡಿತದಲ್ಲಿದ್ದುದರಿಂದಲೇ.

ಅದೇ ಘಟ್ಟದ ಕಾಡುದಾರಿಗಳು ಇನ್ನೂ ಒಂದು ಜನವರ್ಗಕ್ಕೆ ಬೇರೆಯೇ ಅರ್ಥ ಕೊಟ್ಟಿದ್ದವು. ಪೂರ್ವ ಆಫ್ರಿಕದಿಂದ ಗುಲಾಮರನ್ನಾಗಿ ಗೋವಾಕ್ಕೆ ತರಲಾಗಿದ್ದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ತಾಲೂಕುಗಳಲ್ಲಿರುವ ಸಿದ್ದಿಗಳು ಅವರ ಸಂತತಿ. ಸಾಹುಕಾರನಿಗೆ ಸುಂಕದ ದಾರಿಯಾಗಿದ್ದ ಘಟ್ಟ ಅವರಿಗೆ ಬಿಡುಗಡೆಯ ಬಾಗಿಲಾಯಿತು. ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರು ಧರ್ಮಗಳವರಾದರೂ ತಾವೆಲ್ಲ ಸಿದ್ದಿಗಳೆಂಬ ಭಾವ ಅವರಲ್ಲಿ ಉಳಿದಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅದೇ ತಾಲೂಕಿನಲ್ಲಿ 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಹಿಮಾಲಯದ ಕಣಿವೆಗಳನ್ನು ದಾಟಿ ಬಂದವರಿಗೆ ಮುಂಡಗೋಡದ ಕಾಡಂಚು ಊರಾಯಿತು. ಆಫ್ರಿಕದಿಂದ ಬಂದವರೂ ಟಿಬೆಟಿನಿಂದ ಬಂದವರೂ ಒಂದೇ ಸಂತೆಯಲ್ಲಿ ಕನ್ನಡ ಮಾತಾಡುವ ತಾಲೂಕು ನಮ್ಮಲ್ಲಿ ಇನ್ನೆಲ್ಲಿದೆ?

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲಿವರ್‌ಪೂಲಿನ ವ್ಯಾಪಾರಿಗಳ ಕಣ್ಣು ಧಾರವಾಡದ ಎರೆನೆಲದ ಮೇಲೆ ಬಿತ್ತು. ಹುಬ್ಬಳ್ಳಿ, ಧಾರವಾಡಗಳ ಹತ್ತಿಯ ಅಂಡಿಗೆಗಳು ಶಿರಸಿಯ ಮೇಲೆ ಹಾಯ್ದು ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿದ್ದವು. ಅದರಿಂದಾಗಿ ಬಯಲುಸೀಮೆಯಲ್ಲಿ ಬೆಳೆದ ಆ ಹತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು. ಬೆಳೆದ ಹೊಲದ ಹೆಸರು ಹೋಗಿ ದಾಟಿದ ಬಾಗಿಲಿನ ಹೆಸರು ಉಳಿಯಿತು! 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರು ಮತ್ತು ಈ ಹತ್ತಿಯ ಲೆಕ್ಕಾಚಾರವಿತ್ತು.

ಅದೇ ಅಮೆರಿಕದ ಯುದ್ಧ ಈಜಿಪ್ಟ್‌ನ ಹತ್ತಿಗೂ ಬಂಗಾರದ ಬೆಲೆ ತಂದಿತು. ಅಲ್ಲಿ ಆಗ ಸುಯೆಝ್ ಕಾಲುವೆಯ ಅಗೆತ ನಡೆದಿತ್ತು. ಫ್ರೆಂಚ್ ರಾಯಭಾರಿಯಾಗಿದ್ದ ಲೆಸೆಪ್ಸ್ 1854ರಲ್ಲಿ ಈಜಿಪ್ಟ್‌ನ ಅರಸ ಸಯೀದ್ ಪಾಷಾನಿಂದ ಅನುಮತಿ ಪಡೆದಿದ್ದ. 1859ರ ಏಪ್ರಿಲಿನಲ್ಲಿ ಕೆಲಸ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಬಡ ಫಲ್ಲಾಹ್ ರೈತರನ್ನು ಊರೂರಿನಿಂದ ಬಿಟ್ಟಿ ದುಡಿಮೆಗೆ ಎಳೆದುತರಲಾಯಿತು. ಸಾವಿರಾರು ಜನ ಮಡಿದರು. 1869ರ ನವೆಂಬರ್ 17ರಂದು ಯುರೋಪಿನ ರಾಜ ರಾಣಿಯರ ಸಮ್ಮುಖದಲ್ಲಿ ಕಾಲುವೆ ತೆರೆಯಿತು. ಆ ಹೊತ್ತಿಗೆ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಿತ್ತು. ಖೆದಿವ್ ಇಸ್ಮಾಯಿಲನ ಸಾಲ ಬೆಳೆದಿತ್ತು. 1875ರಲ್ಲಿ ಅವನು ಕಾಲುವೆಯ ತನ್ನ ಷೇರುಗಳನ್ನು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿದ. 1882ರಲ್ಲಿ ಬ್ರಿಟಿಷ್ ಸೈನ್ಯ ಈಜಿಪ್ಟನ್ನೇ ಹಿಡಿಯಿತು. ತನ್ನ ನೆಲದ ಕುತ್ತಿಗೆ ಸೀಳಿಸಿಕೊಂಡ ದೇಶ ಆ ಸೀಳಿನ ಮೂಲಕವೇ ಸ್ವಾತಂತ್ರ್ಯ ಕಳೆದುಕೊಂಡಿತು. ಕಾಲುವೆ ಈಜಿಪ್ಟ್‌ನ ಜನರದಾಗಲು 1956ರ ಜುಲೈ 26ರವರೆಗೆ, ಅಂದರೆ ನಾಸಿರ್ ಅದನ್ನು ರಾಷ್ಟ್ರೀಕರಣ ಮಾಡುವವರೆಗೆ ಕಾಯಬೇಕಾಯಿತು. ಅದಕ್ಕೂ ಮೂರು ದೇಶಗಳ ದಾಳಿಯನ್ನು ಎದುರಿಸಬೇಕಾಯಿತು.

ಇತ್ತ ಕುಮಟೆಯ ಕತೆ ಬೇರೆ ರೀತಿಯಲ್ಲಿ ಮುಗಿಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ, ಲೋಂಡಾಗಳ ಕಡೆಯಿಂದ ರೈಲು ಇಂದಿನ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೆ ಇಳಿಯಿತು. ಹತ್ತಿ ರೈಲು ಹತ್ತಿತು. ಎತ್ತಿನ ಗಾಡಿಗಳ ಸಾಲು ಕರಗಿತು. ಕುಮಟೆಯ ಬಂದರು ಬಡವಾಯಿತು. ಯಾರೂ ಕುಮಟೆಯ ಮೇಲೆ ದಂಡೆತ್ತಿ ಬರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಂಠ ತೆರೆಯಿತು, ಅಷ್ಟೆ.

ಇದು ಹಳೆಯ ಕತೆಯೆಂದುಕೊಳ್ಳುವಂತಿಲ್ಲ. 2021ರ ಮಾರ್ಚಿನಲ್ಲಿ ಒಂದೇ ಒಂದು ಹಡಗು ಸುಯೆಝಿನಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರಕ್ಕೆ ಉಸಿರು ಕಟ್ಟಿಸಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಗುಡ್ಡಕ್ಕೂ ಗಂಗಾವಳಿ ನದಿಗೂ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಕೊಚ್ಚಿಹೋದ ಒಂದು ಲಾರಿ ನದಿಯೊಳಗಿಂದ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಕುತ್ತಿಗೆಯನ್ನು ಅಗಲ ಮಾಡುವ ಅವಸರದಲ್ಲಿ ಅದನ್ನು ಹಿಡಿದು ನಿಂತ ಎಲುಬನ್ನೇ ಕಡಿಯುತ್ತಿದ್ದೇವೆಯೇ ಎಂದು ಆ ದಿನಗಳಲ್ಲಿ ಕರಾವಳಿಯ ಜನ ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು.

ದೇಹದೊಳಗಿನ ಬರ್‌ಝಖ್

ಇಕ್ಕಟ್ಟಿನ ದಾರಿಗಳ ಮಹತ್ವವನ್ನು ನೆಲದ ಮೇಲೆ ತಿಳಿಯುವುದಕ್ಕಿಂತ ಮೊದಲೇ ಮನುಷ್ಯ ತನ್ನ ದೇಹದಲ್ಲಿ ಹುಡುಕಿದ್ದಾನೆ. ಹೃದಯದ ಬಲಭಾಗದ ರಕ್ತ ಎಡಭಾಗಕ್ಕೆ ಹೇಗೆ ಹೋಗುತ್ತದೆ? ಎರಡರ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ ಎಂದು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಹೇಳಿದ್ದ. ಸಾವಿರ ವರ್ಷ ಎಲ್ಲರೂ ಅದನ್ನು ಒಪ್ಪಿದರು. ದಮಸ್ಕಸಿನ ಸೀಮೆಯಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ನಫೀಸ್ 1242ರಲ್ಲಿ ಇಬ್ನ್ ಸೀನಾರ ವೈದ್ಯಗ್ರಂಥದ ಅಂಗರಚನಾ ಭಾಗಕ್ಕೆ ವ್ಯಾಖ್ಯಾನ ಬರೆಯುತ್ತ ಅದನ್ನು ನಿರಾಕರಿಸಿದ. ಆ ಗೋಡೆ ದಪ್ಪವಾಗಿದೆ, ಅದರಲ್ಲಿ ಕಾಣುವ ದಾರಿಯೂ ಇಲ್ಲ, ಕಾಣದ ದಾರಿಯೂ ಇಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಗಾಳಿಯೊಂದಿಗೆ ಬೆರೆತು ಎಡಕ್ಕೆ ಬರುತ್ತದೆ ಎಂಬುದು ಅವನ ವಾದ. ಶ್ವಾಸಕೋಶದ ಧಮನಿಗೂ ಅಭಿಧಮನಿಗೂ ನಡುವೆ ಸೂಕ್ಷ್ಮ ಸಂಪರ್ಕ ಇರಲೇಬೇಕು ಎಂದೂ ಅವನು ಊಹಿಸಿದ. ಆ ಸೂಕ್ಷ್ಮ ನಾಳಗಳನ್ನು ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1661ರಲ್ಲಿ. ಇಬ್ನ್ ನಫೀಸನ ಹಸ್ತಪ್ರತಿ ಮರೆತುಹೋಗಿ, 1924ರಲ್ಲಿ ಮುಹಿಯುದ್ದೀನ್ ತತಾವಿ ಎಂಬ ಈಜಿಪ್ಟ್‌ನ ವೈದ್ಯ ಬರ್ಲಿನಿನ ಗ್ರಂಥಾಲಯದಲ್ಲಿ ಅದನ್ನು ಓದಿ ಜಗತ್ತಿಗೆ ತಿಳಿಸುವವರೆಗೆ ಅವನ ಹೆಸರು ಈ ವಿಷಯದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದರಲ್ಲಿ ಒಂದು ತತ್ವವಿದೆ. ಹೃದಯದ ನಡುವಿನ ಗೋಡೆ ಗೋಡೆಯಾಗಿಯೇ ಇರಬೇಕು. ದಾಟುವ ದಾರಿ ಬೇರೆ ಕಡೆ ಇರಬೇಕು. ಗರ್ಭದಲ್ಲಿರುವ ಶಿಶುವಿನ ಹೃದಯದ ಮೇಲಿನ ಕೋಣೆಗಳ ನಡುವೆ ನಿಜವಾಗಿಯೂ ಒಂದು ಕಿಂಡಿ ಇರುತ್ತದೆ. ಅದಿನ್ನೂ ಉಸಿರಾಡದ ಕಾರಣ ಅದಕ್ಕೆ ಆ ಕಿಂಡಿ ಬೇಕು. ಹುಟ್ಟಿ ಮೊದಲ ಉಸಿರು ತೆಗೆದುಕೊಂಡಾಗ ಅದು ಮುಚ್ಚಿಕೊಳ್ಳತೊಡಗುತ್ತದೆ. ಒಂದು ಕಾಲಕ್ಕೆ ಜೀವ ಉಳಿಸಿದ ದಾರಿ ಇನ್ನೊಂದು ಕಾಲಕ್ಕೆ ತೆರೆದಿದ್ದರೆ ತೊಂದರೆ ಕೊಡಬಹುದು.

ತಾಯಿ ಮತ್ತು ಶಿಶುವಿನ ಸಂಬಂಧವನ್ನೇ ನೋಡಿ. ಹೊಕ್ಕುಳಬಳ್ಳಿ ಇಬ್ಬರನ್ನೂ ಜೋಡಿಸುತ್ತದೆ. ಆದರೆ ತಾಯಿಯ ರಕ್ತ, ಮಗುವಿನ ರಕ್ತ ನೇರವಾಗಿ ಬೆರೆಯುವುದಿಲ್ಲ. ನಡುವೆ ಮಾಸಿನ ತೆಳುಪೊರೆ ಇದೆ. ಅದರ ಮೂಲಕ ಅನ್ನ, ಪ್ರಾಣವಾಯು ಅತ್ತ ಹೋಗುತ್ತವೆ, ಕಸ ಇತ್ತ ಬರುತ್ತದೆ. ಬೆರೆಯದೆ ಕೊಡುವ ಕೊಳ್ಳುವ ಆ ಪೊರೆ ಬರ್‌ಝಖ್ ಎಂಬ ಪದಕ್ಕೆ ನಾವು ಕೊಡಬಹುದಾದ ಅತ್ಯುತ್ತಮ ಉದಾಹರಣೆ. ಅರಬೀ ಭಾಷೆಯಲ್ಲಿ ಗರ್ಭಕ್ಕೆ ರಹಿಮ್ ಎನ್ನುತ್ತಾರೆ. ರಕ್ತಸಂಬಂಧವನ್ನು ಕಾಯುವುದಕ್ಕೂ ಅದೇ ಮಾತಿನಿಂದ ಹೆಸರು ಬಂದಿದೆ. ರಹ್ಮಾನ್ ಎಂಬ ಅಲ್ಲಾಹನ ನಾಮವೂ ಅದೇ ಧಾತುವಿನದು. ಕರುಣೆ ಎಂದರೆ ಇನ್ನೊಬ್ಬರನ್ನು ನಮ್ಮಲ್ಲಿ ಕರಗಿಸಿಕೊಳ್ಳುವುದಲ್ಲ, ಬೇರೆಯಾಗಿಯೇ ಇರಗೊಟ್ಟು ಪೊರೆಯುವುದು.

ಅಳಿವೆಯ ಕಡೆಗೆ

ಈಗ ಮತ್ತೆ ಮಳಗಿಯ ದಿಬ್ಬಕ್ಕೆ ಬರೋಣ. ಅಲ್ಲಿನ ನೀರನ್ನು ಪೂರ್ವದ ಬಯಲಿಗೆ ಹಂಚುವುದು ಹೊಸ ಯೋಚನೆಯಲ್ಲ. ಧರ್ಮೆಗೆ ಒಡ್ಡು ಹಾಕಿ ಹಾನಗಲ್ಲಿನ ಕೆರೆಗಳಿಗೆ ನೀರು ತಿರುಗಿಸಿದ ಹಳೆಯ ಕಾಲುವೆ ಬ್ರಿಟಿಷರು ಬರುವ ಮೊದಲೇ ಇತ್ತು. ಅದು ವಿಜಯನಗರದ ಕಾಲದ್ದೆಂಬ ಹೇಳಿಕೆಯಿದೆ. ಆದರೆ ಆ ಕಾಲುವೆ ದಿಬ್ಬವನ್ನು ದಾಟಲಿಲ್ಲ. ಪೂರ್ವಕ್ಕೆ ಹೋಗುವ ನೀರನ್ನೇ ಪೂರ್ವದಲ್ಲಿ ಹಂಚಿತು. ಮಳಗಿಯ ಜಲಾಶಯ ಮಾಡುವುದೂ ಅದನ್ನೇ.

ಬೇಡ್ತಿ ವರದಾ ಜೋಡಣೆಯ ಪ್ರಸ್ತಾಪ ಹಾಗಲ್ಲ. 1982ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಯೋಜನೆಗಳಲ್ಲಿ ಇದೂ ಒಂದು. ಬೇಡ್ತಿಯ ಉಪನದಿಗಳಿಗೆ ಅಣೆಕಟ್ಟು ಕಟ್ಟಿ, ಅರಬೀ ಸಮುದ್ರಕ್ಕೆ ಹೋಗುವ ನೀರನ್ನು ಮೇಲೆತ್ತಿ ದಿಬ್ಬ ದಾಟಿಸಿ ವರದೆಗೆ, ಅಲ್ಲಿಂದ ತುಂಗಭದ್ರೆಯ ಬಯಲಿಗೆ ಒಯ್ಯುವುದು ಅದರ ಉದ್ದೇಶ. ಈ ಪ್ರಸ್ತಾಪ 2022ರ ಸುಮಾರಿಗೆ ಮತ್ತೆ ಚಾಲನೆ ಪಡೆದಾಗ ಶಿರಸಿ, ಯಲ್ಲಾಪುರ ಕಡೆಗಳಲ್ಲಿ ದೊಡ್ಡ ವಿರೋಧ ಎದ್ದಿತು. ಈ ಸೀಮೆಗೆ ಅದು ಹೊಸದೂ ಅಲ್ಲ. ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯನ್ನು ರೈತರ ವಿರೋಧದಿಂದ 1980ರ ದಶಕದ ಮೊದಲ ವರ್ಷಗಳಲ್ಲೇ ಸರಕಾರ ಬದಿಗಿಡಬೇಕಾಗಿ ಬಂದಿತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಹುಟ್ಟಿದ್ದೂ ಇದೇ ನೆಲದಲ್ಲಿ.

ನಾವು ಬಯಲುಸೀಮೆಯ ರೈತನ ಸಂಕಟವನ್ನು ಹಗುರವಾಗಿ ಕಾಣುವವರಲ್ಲ. ಹಾವೇರಿ, ಗದಗ, ಕೊಪ್ಪಳ, ರಾಯಚೂರುಗಳಲ್ಲಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ನಮ್ಮವರೇ. ಮದೀನದ ಹಸಿವಿಗೆ ಕಾಲುವೆ ತೋಡಿಸಿದ ಖಲೀಫರನ್ನು ಹೊಗಳಿ, ರಾಯಚೂರಿನ ಬಾಯಾರಿಕೆಗೆ ಕಿವುಡಾಗುವುದು ನ್ಯಾಯವಲ್ಲ. ಆದರೆ ಪಶ್ಚಿಮದ ನದಿ ಕಡಲಿಗೆ ವ್ಯರ್ಥವಾಗಿ ಹರಿಯುತ್ತದೆ ಎಂಬ ಮಾತನ್ನು ಒಪ್ಪಲಾಗದು. ಕಡಲಿಗೆ ಹೋಗುವ ನೀರು ಏನು ಕೆಲಸ ಮಾಡುತ್ತದೆಂದು ತಿಳಿಯಲು ಗಂಗಾವಳಿಯ ಅಳಿವೆಗೆ ಇಳಿದು ನೋಡಬೇಕು.

ಅಳಿವೆಯೆಂದರೆ ನದಿ ಕಡಲನ್ನು ಸೇರುವ ಜಾಗ. ಉಪ್ಪುನೀರು ಭಾರ, ಸಿಹಿನೀರು ಹಗುರ. ಭರತದ ಹೊತ್ತಿಗೆ ಉಪ್ಪುನೀರು ತಳದಲ್ಲಿ ನುಗ್ಗಿ ಮೇಲಕ್ಕೇರುತ್ತದೆ, ಸಿಹಿನೀರು ಅದರ ಮೇಲೆ ಹರಿದು ಹೊರಹೋಗುತ್ತದೆ. ಮಳೆಗಾಲದಲ್ಲಿ ನದಿ ಬಲವಾಗಿ ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪು ಒಳನಾಡಿನತ್ತ ಸರಿಯುತ್ತದೆ. ಈ ಎರಡರ ನಡುವಿನ ಮೇರೆಯೇ ಅಲ್ಲಿನ ಜೀವನದ ಅಡಿಪಾಯ. ಮೀನು ಮರಿಹಾಕುವುದು, ಬಳಚು ಬೆಳೆಯುವುದು, ದಡದ ಬಾವಿಗಳಲ್ಲಿ ಕುಡಿಯುವ ನೀರು ಸಿಗುವುದು, ಪಕ್ಕದ ಅಘನಾಶಿನಿಯ ಗಜನಿ ಭೂಮಿಯಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ ಬೆಳೆಯುವುದು ಎಲ್ಲವೂ ಈ ಸಮತೋಲದ ಮೇಲೆ ನಿಂತಿವೆ. ಹರಿಕಂತ್ರ, ಅಂಬಿಗ, ದಾಲ್ದಿ ಮೀನುಗಾರರೂ ಹಾಲಕ್ಕಿ ರೈತರೂ ಈ ಮೇರೆಯ ಮೇಲೆ ಬದುಕುವವರು. ಮೇಲಿನಿಂದ ಸಿಹಿನೀರಿನ ಒತ್ತು ಕಡಿಮೆಯಾದರೆ ಉಪ್ಪು ನದಿಯೊಳಗೆ ಇನ್ನಷ್ಟು ಮೇಲೇರುತ್ತದೆ, ಬಾವಿಗಳು ಸವಳಾಗುತ್ತವೆ. ಅಲ್ ಫುರ್ಕಾನ್ ಅಧ್ಯಾಯ ಸೂಚಿಸುವ ಎರಡು ನೀರುಗಳ ನಡುವಿನ ಮೇರೆಯನ್ನು ಕಣ್ಣಾರೆ ಕಾಣಬೇಕೆಂದರೆ ನಾವು ಅಂಕೋಲೆಗೆ ಹೋದರೆ ಸಾಕು. ಸೃಷ್ಟಿಯಲ್ಲಿ ಇಟ್ಟ ಆ ಮೇರೆಯನ್ನು ಘಟ್ಟದ ಮೇಲೆ ಕುಳಿತು ನಾವು ಅಳಿಸಬಲ್ಲೆವು ಎಂಬುದೇ ಹೆದರಿಕೆಯ ಸಂಗತಿ.

ದಿಬ್ಬದ ಮೇಲೂ ಇನ್ನೊಂದು ಸಂಚಾರವಿದೆ. 2007ರಲ್ಲಿ ದಾಂಡೇಲಿ ಅಣಶಿ ಹುಲಿ ಮೀಸಲು ಪ್ರದೇಶವೆಂದು ಘೋಷಿತವಾಗಿ 2015ರಲ್ಲಿ ಕಾಳಿ ಎಂದು ಹೆಸರು ಬದಲಾದ ಅರಣ್ಯದ ಆನೆಗಳು ಭತ್ತ ತೆನೆಗಟ್ಟುವ ಹೊತ್ತಿಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಬರುವುದು ವಾಡಿಕೆ. ಕಾಡಿನ ತುಂಡುಗಳನ್ನು ಜೋಡಿಸುವ ಪಟ್ಟಿಗಳು ಸವೆದಷ್ಟೂ ಆನೆ ಗದ್ದೆಗಿಳಿಯುತ್ತದೆ, ರೈತ ನಿದ್ದೆಗೆಡುತ್ತಾನೆ. ದಿಬ್ಬದ ಮೇಲೆ ಕಾಲುವೆ, ಕೊಳವೆ, ವಿದ್ಯುತ್ ಮಾರ್ಗ ಬಂದರೆ ಕಡಿಯುವುದು ಈ ಪಟ್ಟಿಗಳನ್ನೇ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಯಾವ ಕಾಲುವೆಯೂ ಬೇಡವೇ? ಇತಿ ಮಿತಿಯಿಲ್ಲದೆ ಹಾಗೆ ಹೇಳುವುದು ಸುಲಭ. ಇತಿಹಾಸ ಹಾಗೆ ಹೇಳುವುದಿಲ್ಲ. ಅದು ಕಾಲುವೆಯನ್ನು ತೆರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲು ನಮಗೆ ಕಲಿಸುತ್ತದೆ. ಯಾರ ಹಸಿವಿಗಾಗಿ ತೆರೆಯುತ್ತಿದ್ದೇವೆ? ಅದರ ಕೀಲಿ ನಾಳೆ ಯಾರ ಕೈಯಲ್ಲಿರುತ್ತದೆ? ಯಾರ ಬಾಯಿಂದ ಕಿತ್ತ ನೀರು ಅದರಲ್ಲಿ ಹರಿಯುತ್ತದೆ, ಅವರನ್ನು ಕೇಳಿದ್ದೇವೆಯೇ? ಉಮರರ ಕಾಲುವೆಗೆ ಮೊದಲ ಪ್ರಶ್ನೆಗೆ ಉತ್ತರವಿತ್ತು. ಎರಡನೆಯದಕ್ಕೆ ಉತ್ತರ ಇಲ್ಲದೆ ಹೋದದ್ದು ಮನ್ಸೂರನ ಕಾಲಕ್ಕೆ ಗೊತ್ತಾಯಿತು. ಲೆಸೆಪ್ಸ್‌ನ ಕಾಲುವೆ ಮೂರರಲ್ಲಿ ಒಂದಕ್ಕೂ ಈಜಿಪ್ಟ್‌ನ ರೈತ ಒಪ್ಪುವ ಉತ್ತರ ಕೊಡಲಿಲ್ಲ.

ಬಯಲುಸೀಮೆಯ ಕೆರೆಗಳ ಹೂಳೆತ್ತುವುದು, ಹಾನಗಲ್ಲಿನ ಹಳೆಯ ಕೆರೆಸಾಲನ್ನು ಸರಿಪಡಿಸುವುದು, ನೀರು ಕುಡಿಯುವ ಬೆಳೆಗಳ ವ್ಯಾಮೋಹ ಕಡಿಮೆ ಮಾಡುವುದು ಇವು ದಿಬ್ಬ ದಾಟುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು. ಅದನ್ನೆಲ್ಲ ಮಾಡಿಯೂ ನೀರು ಸಾಲದೆ ಹೋದರೆ ಅಂಕೋಲೆಯ ಮೀನುಗಾರನೂ ಗದಗಿನ ರೈತನೂ ಒಂದೇ ಚಾಪೆಯ ಮೇಲೆ ಕುಳಿತು ಮಾತಾಡಲಿ. ಇಂದು ಇಬ್ಬರ ನಡುವೆ ಮಾತಾಡುವವರು ಇಂಜಿನಿಯರುಗಳು ಮತ್ತು ಗುತ್ತಿಗೆದಾರರು ಮಾತ್ರ.

ನಮ್ಮ ಸಮಾಜಕ್ಕೂ ಇದು ಅನ್ವಯಿಸುವ ಮಾತು. ಹಿಂದೂ ಮತ್ತು ಮುಸ್ಲಿಂ ಸಮುದಾಯಗಳ ನಡುವೆಯೂ ಸಂತೆ, ಶಾಲೆ, ಗದ್ದೆಯ ಬದು, ಉರೂಸಿನ ಅಂಗಳದಂಥ ಕಿರಿದಾದ ಜಾಗಗಳಿವೆ. ಅವು ಯಾರನ್ನೂ ಕರಗಿಸುವುದಿಲ್ಲ, ಆದರೆ ಉಸಿರು ಅತ್ತಿತ್ತ ಹೋಗಲು ಬಿಡುತ್ತವೆ. ಅಗಲವಾದ ಭೂಮಿಯನ್ನು ಗೆಲ್ಲುವವರು ಇಂಥ ಕಂಠಗಳನ್ನು ಹಿಚುಕುವುದರಿಂದಲೇ ಆರಂಭಿಸುತ್ತಾರೆ. ಅದನ್ನು ಕಾಯುವವರು ಸಿದ್ದಿಗಳ ಹಾಡಿಯಲ್ಲಿ, ಮುಂಡಗೋಡದ ಸಂತೆಯಲ್ಲಿ, ಕಡಲಂಚಿನ ಅಳಿವೆಯಲ್ಲಿ ಇನ್ನೂ ಇದ್ದಾರೆ. ಅವರ ಹೆಸರು ಇತಿಹಾಸದಲ್ಲಿ ಬರದಿರಬಹುದು.

ಮಳಗಿಯ ದಿಬ್ಬದ ಮೇಲೆ ಈ ವರ್ಷವೂ ಮಳೆ ಬೀಳುತ್ತದೆ. ಒಂದು ಹನಿ ಧರ್ಮೆಗೆ, ಇನ್ನೊಂದು ಬೇಡ್ತಿಗೆ. ಎರಡಕ್ಕೂ ಅದರದರ ಕಡಲು ಸಿಗುವಂತೆ ನೋಡಿಕೊಳ್ಳುವುದು ಆ ನಡುವಿನ ನೆಲದಲ್ಲಿ ವಾಸಿಸುವ ನಮ್ಮೆಲ್ಲರ ಹೊಣೆ.